ಡಬ್ಲಿನ್ನಿನ ಅಚ್ಚುಕೂಟ, ನ್ಯೂಯಾರ್ಕಿನ ಓದುಗರು

(ನ್ಯೂಜೆರ್ಸಿಯಲ್ಲಿ ಕನ್ನಡ ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಟಾಗೋರರ ‘ಡಾಕ್‌ಘರ್’ ನಾಟಕದ ಇಂಗ್ಲಿಷ್ ಅನುವಾದವನ್ನು 1914ರಲ್ಲಿ ಐರ್ಲೆಂಡಿನ ಕೂಲಾ ಎಂಬ ಪುಟ್ಟ ಅಚ್ಚುಕೂಟ 400 ಪ್ರತಿಗಳಲ್ಲಿ ಹೊರತಂದಿತು. ಅಲ್ಲಿ ಮೊಳೆ ಜೋಡಿಸುತ್ತಿದ್ದವರು, ಹಾಳೆ ಒತ್ತುತ್ತಿದ್ದವರು ಹೆಂಗಸರು.

ಈ ಕಥೆ ಆರಂಭವಾಗುವುದು 1902ರಲ್ಲಿ, ಡಬ್ಲಿನ್ ಸಮೀಪದ ಡನ್‌ಡ್ರಮ್‌ನಲ್ಲಿ. ಎವೆಲಿನ್ ಗ್ಲೀಸನ್ ಹಾಗೂ ಕವಿ ಯೇಟ್ಸರ ತಂಗಿಯರಾದ ಲಿಲಿ, ಎಲಿಜಬೆತ್ ಸೇರಿ ‘ಡನ್ ಎಮರ್’ ಎಂಬ ಕುಶಲ ಕೈಗಾರಿಕೆಯ ಕೇಂದ್ರವನ್ನು ತೆರೆದರು. ಕಸೂತಿ, ನೇಯ್ಗೆ, ಮುದ್ರಣಗಳನ್ನು ಊರ ಹುಡುಗಿಯರಿಗೆ ಕಲಿಸಿ ದುಡಿಮೆ ಒದಗಿಸುವುದು ಅವರ ಉದ್ದೇಶ. ಲಂಡನ್ನಿನಲ್ಲಿ ಅಲ್ಪಕಾಲ ಮುದ್ರಣ ಕಲಿತು ಬಂದ ಎಲಿಜಬೆತ್, ಕೈಯಿಂದ ನಡೆಸುವ ಆಲ್ಬಿಯನ್ ಯಂತ್ರವನ್ನೂ ಐರ್ಲೆಂಡಿನಲ್ಲೇ ತಯಾರಾದ ಕಾಗದವನ್ನೂ ಬಳಸಿದರು. 1903ರಲ್ಲಿ ಅಚ್ಚುಕೂಟದ ಮೊದಲ ಪುಸ್ತಕವಾಗಿ ಯೇಟ್ಸರ ಕವನಗಳು ಬಂದವು. 1908ರಲ್ಲಿ ಸೋದರಿಯರು ಗ್ಲೀಸನ್‌ರಿಂದ ಬೇರೆಯಾಗಿ ಕೂಲಾ ಕಟ್ಟಿದರು.

ಪುಸ್ತಕಗಳನ್ನು ಆರಿಸುತ್ತಿದ್ದವರು ಅಣ್ಣ. ಸಾಲದ ಚಿಂತೆಯೂ ದಿನನಿತ್ಯದ ದುಡಿಮೆಯೂ ತಂಗಿಯರ ಪಾಲು. ಮೊದಲ ಪುಸ್ತಕದ ಕೊನೆಯ ಪುಟದಲ್ಲಿ ಕವಿ, ಎಲಿಜಬೆತ್, ಗ್ಲೀಸನ್ ಮೂವರ ಹೆಸರೂ ಇವೆ. ಒತ್ತಿದ ಹುಡುಗಿಯರ ಹೆಸರಿಲ್ಲ. ಮುದ್ರಣದ ಚೆಲುವನ್ನು ಕೊಂಡಾಡುವಾಗ ನಾವು ಈ ಮೌನವನ್ನೂ ಓದಬೇಕು.

ನಮ್ಮ ಈ ಸೀಮೆಗೂ ಆ ಅಚ್ಚುಕೂಟಕ್ಕೂ ನಂಟಿದೆ. 1907ರ ಕೊನೆಯಲ್ಲಿ ಲಿಲಿ ಐರಿಷ್ ಕೈಗಾರಿಕಾ ಪ್ರದರ್ಶನಕ್ಕೆಂದು ನ್ಯೂಯಾರ್ಕಿಗೆ ಬಂದರು. ಜೊತೆಗೆ ಬಂದ ತಂದೆ, ಚಿತ್ರಕಾರ ಜಾನ್ ಬಟ್ಲರ್ ಯೇಟ್ಸ್, ಮರಳಿ ಹೋಗಲೇ ಇಲ್ಲ. 1922ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಪತ್ರಗಳಿಂದ ಎಜ್ರಾ ಪೌಂಡ್ ಆಯ್ದ ಭಾಗಗಳನ್ನು 1917ರಲ್ಲಿ ಮಗಳೇ ಅಚ್ಚು ಹಾಕಿದರು. ನ್ಯೂಯಾರ್ಕಿನ ಐರಿಷ್ ಮೂಲದ ವಕೀಲ ಜಾನ್ ಕ್ವಿನ್ ಈ ಅಚ್ಚುಕೂಟದ ಪುಸ್ತಕಗಳನ್ನು ಕೊಂಡು ಬೆಂಬಲವಾಗಿ ನಿಂತರು.

ಅದೇ 1910ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ, ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ‘ಸತೀಹಿತೈಷಿಣಿ’ ಗ್ರಂಥಮಾಲೆ ನಡೆಸಿ, ತಾವೇ ಬರೆದು, ತಾವೇ ಪ್ರಕಟಿಸುತ್ತಿದ್ದರು. ಅವರ ಬೆನ್ನಿಗೆ ಕಡಲಾಚೆಯ ಕ್ವಿನ್ ಒಬ್ಬರಿರಲಿಲ್ಲ. ಇಂದು ಕಡಲಾಚೆ ನಾವಿದ್ದೇವೆ. ಸಮ್ಮೇಳನಗಳ ವೇದಿಕೆಗೆ, ತಾರೆಯರ ವಿಮಾನ ಟಿಕೆಟ್ಟಿಗೆ ಧಾರಾಳವಾಗುವ ನಮ್ಮ ಕೈ, ಊರಿನ ಸಣ್ಣ ಪ್ರಕಾಶಕರ ಪುಸ್ತಕಕ್ಕೆ ಮಾತ್ರ ಗೌರವಪ್ರತಿಯನ್ನು ಎದುರುನೋಡುತ್ತದೆ. ಪೂರ್ತಿ ಬೆಲೆ ಕೊಟ್ಟು ಕೊಳ್ಳೋಣ. ಅಕ್ಷರ ಜೋಡಿಸಿದವರಿಗೆ, ಕರಡು ತಿದ್ದಿದವರಿಗೆ ಸಂಬಳ ಸಿಕ್ಕಿತೇ, ಪುಸ್ತಕದಲ್ಲಿ ಅವರ ಹೆಸರಿದೆಯೇ ಎಂದು ಕೇಳೋಣ. ಭಾಷೆಯ ಮೇಲಿನ ಅಭಿಮಾನ ಅವರ ದುಡಿಮೆಗೂ ಸಲ್ಲಬೇಕು.