ಬಟ್ಟಲಿನಲ್ಲಿ ಟೊಮ್ಯಾಟೊ ಸಸಿ



ಸಾರಿಗೆಂದು ತಂದಿಟ್ಟ ಟೊಮ್ಯಾಟೊ ಹಣ್ಣೊಂದನ್ನು ಅಡಿಗೆಮನೆಯಿಂದ ಕೇಳಿ ಪಡೆದು ಅಡ್ಡಲಾಗಿ ಕೊಯ್ದು ನೋಡಿ. ಒಳಗೆ ಎರಡೋ ಮೂರೋ ಕೋಣೆಗಳು, ಕೋಣೆಯ ತುಂಬ ಲೋಳೆ, ಲೋಳೆಯಲ್ಲಿ ಹುದುಗಿದ ಬೀಜಗಳು. ತಾಳ್ಮೆಯಿಂದ ಎಣಿಸಿದರೆ ಒಂದೇ ಹಣ್ಣಿನಲ್ಲಿ ನೂರಕ್ಕೂ ಹೆಚ್ಚು ಬೀಜ ಸಿಕ್ಕೀತು. ಬೀಜಕ್ಕೆ ಬೇಕಾದ ನೀರು ಅಲ್ಲಿಯೇ ಇದೆ, ಬೆಚ್ಚನೆಯ ಹವೆಯೂ ಇದೆ. ಆದರೂ ಹಣ್ಣಿನೊಳಗೆ ಬೀಜ ಸಾಮಾನ್ಯವಾಗಿ ಮೊಳೆಯುವುದಿಲ್ಲ. ಏಕೆ?

ಉತ್ತರ ಆ ಲೋಳೆಯಲ್ಲಿಯೂ ಬೀಜದಲ್ಲಿಯೂ ಇದೆ. ಅಬ್ಸಿಸಿಕ್ ಆಮ್ಲವೆಂಬ ಸಸ್ಯ ಹಾರ್ಮೋನು ‘ಇನ್ನೂ ಕಾಲ ಬಂದಿಲ್ಲ’ ಎಂದು ಭ್ರೂಣವನ್ನು ತಡೆದು ನಿಲ್ಲಿಸಿರುತ್ತದೆ. ಹಣ್ಣಿನ ರಸದಲ್ಲಿ ಕರಗಿರುವ ಸಕ್ಕರೆ, ಲವಣಗಳೂ ಬೀಜ ಬೇಕಾದಷ್ಟು ನೀರು ಹೀರದಂತೆ ಮಾಡುತ್ತವೆ. ಹಣ್ಣು ಕೊಳೆತು ಲೋಳೆ ಕರಗಿದ ಮೇಲೆ ಈ ತಡೆ ಸಡಿಲವಾಗುತ್ತದೆ. ತಿಪ್ಪೆಗೆ ಎಸೆದ ಕೊಳೆತ ಹಣ್ಣಿನಿಂದ ಮಳೆ ಬಿದ್ದ ವಾರದಲ್ಲೇ ಸಸಿಗಳು ಗುಂಪಾಗಿ ಏಳುವುದನ್ನು ನೀವು ನೋಡಿಯೇ ಇರುತ್ತೀರಿ.

ಮನೆಯಲ್ಲಿ ಬೀಜ ತೆಗೆಯುವಾಗ ನಾವು ಮಾಡುವುದೂ ತಿಪ್ಪೆಯ ಕೆಲಸವನ್ನೇ. ಚೆನ್ನಾಗಿ ಮಾಗಿದ ಹಣ್ಣಿನ ಬೀಜವನ್ನು ಲೋಳೆಸಮೇತ ಒಂದು ಲೋಟಕ್ಕೆ ಹಿಂಡಿ, ಮೇಲೆ ತೆಳುಬಟ್ಟೆ ಕಟ್ಟಿ ನೆರಳಿನಲ್ಲಿಡಿ. ನಮ್ಮ ಸೆಕೆಗೆ ಎರಡು ದಿನ ಸಾಕು. ಹುಳಿ ವಾಸನೆ ಬರುತ್ತದೆ, ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಹೆದರಬೇಡಿ, ಲೋಳೆ ಕರಗಿಸುವ ಸೂಕ್ಷ್ಮಜೀವಿಗಳ ಕೆಲಸ ಅದು. ಮೂರು ದಿನ ಮೀರಿಸಿದರೆ ಮಾತ್ರ ಲೋಟದಲ್ಲೇ ಮೊಳಕೆ ಒಡೆಯುವ ಸಂಭವವುಂಟು. ಆಮೇಲೆ ನೀರು ತುಂಬಿ ಕದಡಿ. ಗಟ್ಟಿಬೀಜ ತಳಕ್ಕೆ ಇಳಿಯುತ್ತದೆ, ಜೊಳ್ಳು ಮೇಲೆ ತೇಲುತ್ತದೆ. ತೊಳೆದ ಬೀಜವನ್ನು ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಪೀಡಿಸುತ್ತದೆ. ಪಿಂಗಾಣಿ ತಟ್ಟೆಯ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿ. ಒಣಗಿದ ಬೀಜ ತುಪ್ಪಳ ಹೊದ್ದ ಪುಟ್ಟ ಬಿಲ್ಲೆಯಂತೆ ಕಾಣುತ್ತದೆ. ಒಂದು ಗ್ರಾಮಿಗೆ ಸುಮಾರು 300 ಬೀಜ ತೂಗುತ್ತವೆ. ತೇವ ತಾಗದಂತೆ ತಂಪಾದ ಕಡೆ ಇಟ್ಟರೆ ನಾಲ್ಕು ವರ್ಷವಾದರೂ ಮೊಳೆಯುವ ಶಕ್ತಿ ಉಳಿದಿರುತ್ತದೆ.

ಆದರೆ ಯಾವ ಹಣ್ಣಿನ ಬೀಜ? ಈ ಭಾಷಣದ ಮುಖ್ಯ ಮಾತು ಇದೇ. ಕೊಳ್ಳೇಗಾಲದ ಮಾರುಕಟ್ಟೆಯಲ್ಲೋ ಹನೂರಿನ ಅಂಗಡಿಯಲ್ಲೋ ಕೊಂಡ, ಲಾರಿಯಲ್ಲಿ ಕುಲುಕಿದರೂ ಒಡೆಯದ ದಪ್ಪ ಸಿಪ್ಪೆಯ ಹಣ್ಣು ಬಹುಮಟ್ಟಿಗೆ ಸಂಕರ ತಳಿಯದು, ಅಂದರೆ ಹೈಬ್ರಿಡ್. ಎರಡು ಬೇರೆ ಬೇರೆ ಶುದ್ಧ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ ಅದು. ಆ ಪೀಳಿಗೆಯ ಗಿಡಗಳೆಲ್ಲ ಅಚ್ಚಿನಲ್ಲಿ ತೆಗೆದಂತೆ ಒಂದೇ ರೀತಿ ಇರುತ್ತವೆ. ಆ ಹಣ್ಣಿನ ಬೀಜವನ್ನು ನೀವು ಬಿತ್ತಿದಾಗ ಬರುವುದು ಎರಡನೆಯ ಪೀಳಿಗೆ. ಅಲ್ಲಿ ಅಜ್ಜ ಅಜ್ಜಿಯರ ಗುಣಗಳು ಚದುರಿ ಹೊಸ ಹೊಸ ಜೋಡಿಗಳಲ್ಲಿ ಹೊರಬೀಳುತ್ತವೆ. ಒಂದು ಗಿಡದಲ್ಲಿ ದುಂಡು ಹಣ್ಣು, ಪಕ್ಕದ್ದರಲ್ಲಿ ಉದ್ದನೆಯದು. ಒಂದು ಕುಳ್ಳು, ಇನ್ನೊಂದು ಬಳ್ಳಿಯಂತೆ ಹಬ್ಬುವಂಥದು. ಗ್ರೆಗರ್ ಮೆಂಡೆಲ್ 1866ರಲ್ಲಿ ಬಟಾಣಿ ಗಿಡಗಳ ಲೆಕ್ಕವಿಟ್ಟು ಪ್ರಕಟಿಸಿದ ಮೂರಕ್ಕೆ ಒಂದರ ಪ್ರಮಾಣ ನಿಮಗೆ ಪಾಠದಲ್ಲಿ ಬಂದಿದೆ. ರೋಗ ತಡೆಯುವ ಗುಣವು ಒಂದೇ ಪ್ರಬಲ ಜೀನಿನದಾಗಿದ್ದು, ಸಂಕರ ತಳಿಗೆ ಅದು ಒಂದು ಕಡೆಯ ಪೂರ್ವಿಕರಿಂದ ಮಾತ್ರ ಬಂದಿದ್ದರೆ, ನಿಮ್ಮ ಬಟ್ಟಲಿನ ನಾಲ್ಕು ಸಸಿಗಳಲ್ಲಿ ಸರಾಸರಿ ಒಂದಕ್ಕೆ ಆ ರಕ್ಷಣೆ ಇಲ್ಲ. ಬಟ್ಟಲಿನಲ್ಲಿ ಇದು ಒಂದು ಪ್ರಯೋಗ. ಸಾಲ ಮಾಡಿ ಒಂದು ಎಕರೆಗೆ ನಾಟಿ ಮಾಡಿದವನಿಗೆ ಅದೇ ನಷ್ಟ.

ಸಂಕರ ಬೀಜವನ್ನು ರೈತರು ಪ್ರತಿ ಬೆಳೆಗೂ ಹೊಸದಾಗಿ ಕೊಳ್ಳುವುದು ಈ ಕಾರಣಕ್ಕೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಹಳೆಯ ಚರಿತ್ರೆಯಿದೆ. ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ ಒಂದು ಸಂಕರ ಟೊಮ್ಯಾಟೊವನ್ನು ಹೊರತಂದಿತು; ಅದರ ಹೆಸರು ‘ಕರ್ನಾಟಕ’. ನಮ್ಮ ರಾಜ್ಯ ಆ ಹೆಸರು ಪಡೆದದ್ದೂ ಅದೇ ವರ್ಷ. ಸಂಕರ ಬೀಜ ತಯಾರಾಗುವ ರೀತಿಯನ್ನು ನೋಡಬೇಕಾದರೆ ರಾಣೆಬೆನ್ನೂರು ಸೀಮೆಗೆ ಹೋಗಬೇಕು. ಅಲ್ಲಿ ಹೆಣ್ಣುಮಕ್ಕಳು ಸಾಲಿನಲ್ಲಿ ಕುಳಿತು, ನಾಳೆ ಅರಳಲಿರುವ ಮೊಗ್ಗಿನೊಳಗಿಂದ ಪರಾಗಕೋಶವನ್ನು ಚಿಮುಟದಿಂದ ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗವನ್ನು ಶಲಾಕಾಗ್ರಕ್ಕೆ ಮುಟ್ಟಿಸುತ್ತಾರೆ. ಗುರುತಿಗೆ ಪುಷ್ಪಪತ್ರದ ತುದಿಯನ್ನು ಕತ್ತರಿಸುತ್ತಾರೆ. ಒಂದೊಂದು ಹಣ್ಣಿನ ಹಿಂದೆಯೂ ಒಂದು ಕೈ ಇದೆ. ಚಿನ್ನದ ಹಾಗೆ ಗ್ರಾಂ ಲೆಕ್ಕದಲ್ಲಿ ಮಾರುವ ಬೀಜದ ಬೆಲೆಯಲ್ಲಿ ಆ ಕೈಗೆ ಎಷ್ಟು ಸೇರುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಕೇಳಬೇಕಾದ ಪ್ರಶ್ನೆ.

ಸಂಕರ ತಳಿ ಕೆಟ್ಟದ್ದು, ನಾಟಿ ತಳಿ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಸಂಕರ ತಳಿಯೇ. ಎಲೆ ಮುದುರು ನಂಜು, ದುಂಡಾಣು ಸೊರಗು ರೋಗ, ಅಂಗಮಾರಿ ಈ ಮೂರನ್ನೂ ತಡೆಯುವಂತೆ ಅದನ್ನು ರೂಪಿಸಿದ್ದಾರೆ. ಅದೇ ಸಂಸ್ಥೆಯ ‘ಅರ್ಕಾ ವಿಕಾಸ್’ ಸಂಕರವಲ್ಲ, ‘ಟಿಪ್ ಟಾಪ್’ ಎಂಬ ಅಮೆರಿಕದ ತಳಿಯಿಂದ ಆರಿಸಿದ ಶುದ್ಧ ತಳಿ. ಟೊಮ್ಯಾಟೊ ಹೂವಿನಲ್ಲಿ ಪರಾಗಕೋಶಗಳು ಶಲಾಕೆಯ ಸುತ್ತ ಕೊಳವೆಯಂತೆ ಕೂಡಿಕೊಂಡಿರುವುದರಿಂದ ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶವೇ ನಡೆಯುತ್ತದೆ. ಹಾಗಾಗಿ ಶುದ್ಧ ತಳಿಯ ಬೀಜವನ್ನು ನೀವು ವರ್ಷ ವರ್ಷವೂ ತೆಗೆದಿಟ್ಟು ಬಿತ್ತಬಹುದು, ಮಗಳು ತಾಯಿಯಂತೆಯೇ ಇರುತ್ತಾಳೆ. ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಹಂಚುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಮಾನ್ಯ ಮಾಡಿದೆ. ಆದರೆ ಬೀಜ ಇಡುವ ಕೈಗೆ ಅದನ್ನು ತೆಗೆಯುವ ವಿದ್ಯೆಯೇ ಮರೆತುಹೋದರೆ ಕಾಯಿದೆಯ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಇಂದು ಬೆಳೆಗಾರರಲ್ಲಿ ಬಹುಮಂದಿ ನರ್ಸರಿಯಿಂದ 98 ಗುಳಿಗಳ ತಟ್ಟೆಯಲ್ಲಿ ಬೆಳೆದ ಸಸಿಗಳನ್ನೇ ತಂದು ನೆಡುತ್ತಾರೆ. ಅದು ಅನುಕೂಲ, ನಿಜ. ಬೀಜದಿಂದ ಸಸಿಯವರೆಗಿನ ಮೂರು ನಾಲ್ಕು ವಾರ ಮಾತ್ರ ಮನೆಯ ಕಣ್ಣಿನಿಂದ ಮರೆಯಾಯಿತು.

ಆ ವಾರಗಳನ್ನು ಕಾಮಗೆರೆಯ ಹಿತ್ತಲಿನಲ್ಲಿ ಹೇಗೆ ಕಳೆಯಬಹುದು ನೋಡೋಣ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಈ ಊರಿನ ಕಡೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆ ಜೋರು. ಆ ಮಳೆ ಹಿಡಿದಾಗ ಬಿತ್ತಿದರೆ ಸಸಿ ಕೊಳೆಯುವ ಅಪಾಯ ಹೆಚ್ಚು. ಬೇಸಿಗೆಯಲ್ಲಿ ಬಿಳಿನೊಣ ಮಿತಿಮೀರಿ ಎಲೆ ಮುದುರು ನಂಜು ಹರಡುತ್ತದೆ. ಮನೆಮಟ್ಟಿಗೆ ದೀಪಾವಳಿಯ ಆಸುಪಾಸು ಹಿತವಾದ ಕಾಲ. ಹಗಲು ಬೆಚ್ಚಗಿದ್ದು ರಾತ್ರಿ ತಂಪಾಗಿರುವುದರಿಂದ ಮುಂದೆ ಹೂವು ಕಾಯಿಯಾಗುವುದಕ್ಕೂ ಅನುಕೂಲ. ಅಂದಹಾಗೆ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಸೀಮೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ‘ತಕ್ಕಾಳಿ’ ಎಂಬ ತಮಿಳು ಹೆಸರು ಇಲ್ಲಿನ ಸಂತೆಗೆ ಹೊಸದಲ್ಲ. ಮೂಲದಲ್ಲಿ ಗಿಡವೇ ದಕ್ಷಿಣ ಅಮೆರಿಕದ್ದು, ‘ಟೊಮ್ಯಾಟೊ’ ಎಂಬ ಹೆಸರು ಮೆಕ್ಸಿಕೋದ್ದು.

ಪಾತ್ರೆಗೆ ಹಣ ಖರ್ಚು ಬೇಡ. ಹಾಲಿನ ಖಾಲಿ ಲಕೋಟೆ, ತೆಂಗಿನ ಚಿಪ್ಪು, ಹಳೆಯ ಬಟ್ಟಲು, ಯಾವುದಾದರೂ ಸರಿ, ತಳದಲ್ಲಿ ತೂತು ಇರಬೇಕು. ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಸಮಪಾಲು. ರೇಷ್ಮೆ ಸಾಕುವ ಮನೆಗಳಲ್ಲಿ ಹುಳುವಿನ ಹಿಕ್ಕೆ ಮತ್ತು ಉಳಿದ ಸೊಪ್ಪಿನಿಂದ ಒಳ್ಳೆಯ ಗೊಬ್ಬರವಾಗುತ್ತದೆ, ಆದರೆ ಪೂರ್ತಿ ಕಳಿತಿರಬೇಕು. ಮಣ್ಣಿನ ಮೇಲೆ ಕುದಿಯುವ ನೀರು ಸುರಿದು ಆರಲು ಬಿಟ್ಟರೆ ಅದರಲ್ಲಿರುವ ಶಿಲೀಂಧ್ರಗಳ ಕಾಟ ಕಡಿಮೆಯಾಗುತ್ತದೆ. ಬೀಜವನ್ನು ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ಆಳಕ್ಕೆ, ಬೆರಳಗಲ ಅಂತರದಲ್ಲಿ ಬಿತ್ತಿ, ಕೈಯಿಂದ ನೀರು ಚಿಮುಕಿಸಿ. 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಐದರಿಂದ ಎಂಟು ದಿನಕ್ಕೆ ಮೊಳಕೆ ಕಾಣುತ್ತದೆ.

ಮೊದಲು ಹೊರಬರುವುದು ಬೇರು. ಆಮೇಲೆ ಕಾಂಡ ಕೊಕ್ಕೆಯಂತೆ ಬಾಗಿ, ಬೆನ್ನಿನಿಂದ ಮಣ್ಣನ್ನು ತಳ್ಳಿಕೊಂಡು ಬರುತ್ತದೆ. ನೇರವಾಗಿ ಬಂದಿದ್ದರೆ ತುದಿಯ ಎಳೆಯ ಮೊಗ್ಗು ಮಣ್ಣಿಗೆ ಉಜ್ಜಿ ಹಾಳಾಗುತ್ತಿತ್ತು. ಬೆಳಕು ತಾಗಿದೊಡನೆ ಕೊಕ್ಕೆ ನೆಟ್ಟಗಾಗುತ್ತದೆ, ಎರಡು ಬೀಜದಳಗಳು ಬಿಚ್ಚಿಕೊಳ್ಳುತ್ತವೆ. ದೂರದರ್ಶನದಲ್ಲಿ ನಾವು ಹತ್ತು ನಿಮಿಷಕ್ಕೊಂದು ಚಿತ್ರ ಹಿಡಿದು ಇದನ್ನು ಅರೆನಿಮಿಷದಲ್ಲಿ ತೋರಿಸುತ್ತೇವೆ. ಈಗ ಕೈಯಲ್ಲಿರುವ ಫೋನಿನಿಂದ ನೀವೂ ಹಿಡಿಯಬಹುದು. ಆದರೂ ದಿನಕ್ಕೆ ಎರಡು ಸಲ ನೀವೇ ಬಗ್ಗಿ ನೋಡಿ ಬರೆದಿಟ್ಟ ಟಿಪ್ಪಣಿಗೆ ನನ್ನ ದೃಷ್ಟಿಯಲ್ಲಿ ಬೆಲೆ ಹೆಚ್ಚು.

ಈ ಹಂತದಲ್ಲಿ ಎರಡು ಕಷ್ಟ ಎದುರಾಗುತ್ತವೆ. ಒಂದು, ಸಂಜೆ ಚೆನ್ನಾಗಿದ್ದ ಸಸಿ ಬೆಳಿಗ್ಗೆ ಬುಡದಲ್ಲಿ ದಾರದಂತೆ ಸೊರಗಿ ಮಲಗಿರುತ್ತದೆ. ಪಿಥಿಯಂ, ರೈಜೊಕ್ಟೋನಿಯಾ ಮುಂತಾದ ರೋಗಾಣುಗಳ ಕೆಲಸವಿದು. ಇದಕ್ಕೆ ಆಹ್ವಾನ ಕೊಡುವುದು ಅತಿಯಾದ ನೀರು, ಒತ್ತಾದ ಬಿತ್ತನೆ. ಮಣ್ಣಿನ ಮೇಲ್ಭಾಗ ಒಣಗಿದ ಮೇಲೆಯೇ ಮತ್ತೆ ನೀರು ಕೊಡಿ, ಅದೂ ಬೆಳಿಗ್ಗೆ. ಇನ್ನೊಂದು, ಜಗುಲಿಯ ನೆರಳಿನಲ್ಲಿ ಇಟ್ಟ ಸಸಿ ಬಿಳಿಚಿಕೊಂಡು ಉದ್ದಕ್ಕೆ ಬೆಳೆದು ಬೀಳುತ್ತದೆ. ಅದಕ್ಕೆ ಬೇಕಾದದ್ದು ಗೊಬ್ಬರವಲ್ಲ, ಎಳೆಬಿಸಿಲು. ಬೀಜ ಮೊಳೆತ ದಿನದಿಂದಲೇ ಬಟ್ಟಲನ್ನು ಅಂಗಳಕ್ಕೆ ತನ್ನಿ.

ಇಲ್ಲೊಂದು ಪ್ರಯೋಗ ಮಾಡಿ. ಒಂದೇ ದಿನ ಬಿತ್ತಿದ ಎರಡು ಬಟ್ಟಲುಗಳಲ್ಲಿ ಒಂದರ ಸಸಿಗಳನ್ನು ಬೆಳಿಗ್ಗೆ ಸಂಜೆ ಹತ್ತತ್ತು ಸಲ ಅಂಗೈಯಿಂದ ಹಗುರವಾಗಿ ಸವರಿ, ಇನ್ನೊಂದನ್ನು ಮುಟ್ಟಬೇಡಿ. ಎರಡು ವಾರ ಕಳೆದ ಮೇಲೆ ಅಳತೆಪಟ್ಟಿ ಹಿಡಿದು ಅಳೆಯಿರಿ. ಸವರಿಸಿಕೊಂಡ ಸಸಿಗಳು ಕುಳ್ಳಾಗಿಯೂ ಗಟ್ಟಿಯಾಗಿಯೂ ಇರುವುದನ್ನು ಕಾಣುವಿರಿ. ಗಾಳಿ ಬೀಸುವ ಬಯಲಿನಲ್ಲಿ ಬೆಳೆದ ಗಿಡ ಮಾಡುವುದೂ ಅದನ್ನೇ. ಬೆರಳಿಗೆ ಹತ್ತುವ ಹಸಿರು ಹಳದಿ ಬಣ್ಣ, ಘಾಟು ವಾಸನೆ ಎರಡೂ ಎಲೆಯ ಮೇಲಿನ ಸೂಕ್ಷ್ಮ ರೋಮಗಳಿಂದ ಬಂದವು. ಕೀಟಗಳನ್ನು ದೂರವಿಡಲು ಗಿಡ ಮಾಡಿಕೊಂಡ ಏರ್ಪಾಡು.

ಮುಟ್ಟಬೇಡದ ಬಟ್ಟಲು ಏಕೆ ಬೇಕು ಎನ್ನುವಿರಾ? ಹೋಲಿಸಿ ನೋಡಲು. ಇದೇ ತತ್ತ್ವದ ಮೇಲೆ ಟೊಮ್ಯಾಟೊ ಬೀಜವೇ ಬಾಹ್ಯಾಕಾಶಕ್ಕೂ ಹೋಗಿತ್ತು. ಅಮೆರಿಕದ ನಾಸಾ ಸಂಸ್ಥೆ 1984ರ ಏಪ್ರಿಲ್‌ನಲ್ಲಿ ‘ರಟ್ಗರ್ಸ್’ ತಳಿಯ ಸುಮಾರು 1 ಕೋಟಿ 25 ಲಕ್ಷ ಬೀಜಗಳನ್ನು ಒಂದು ಉಪಗ್ರಹದಲ್ಲಿಟ್ಟು ಕಕ್ಷೆಗೆ ಕಳಿಸಿತು. ಒಂದು ವರ್ಷದೊಳಗೆ ಮರಳಬೇಕಾಗಿದ್ದ ಬೀಜಗಳು ಭೂಮಿಗೆ ಬಂದದ್ದು 1990ರ ಜನವರಿಯಲ್ಲಿ. ಆ ಬೀಜಗಳನ್ನೂ, ಭೂಮಿಯಲ್ಲೇ ಇಟ್ಟಿದ್ದ ಅದೇ ತಳಿಯ ಬೀಜಗಳನ್ನೂ ಜೊತೆಜೊತೆಗೆ ಶಾಲಾ ವಿದ್ಯಾರ್ಥಿಗಳಿಗೆ ಹಂಚಿದರು. ಲಕ್ಷಾಂತರ ಮಕ್ಕಳು ಬಿತ್ತಿ ಲೆಕ್ಕ ಕಳಿಸಿದರು. ಆರು ವರ್ಷದ ಹತ್ತಿರ ಬಾಹ್ಯಾಕಾಶದಲ್ಲಿದ್ದ ಬೀಜಗಳೂ ಚೆನ್ನಾಗಿಯೇ ಮೊಳೆತವು. ಭೂಮಿಯ ಬೀಜ ಇರದೆ ಹೋಗಿದ್ದರೆ ‘ಚೆನ್ನಾಗಿ’ ಎಂಬ ಮಾತಿಗೆ ಅರ್ಥವಿರುತ್ತಿರಲಿಲ್ಲ.

ರೇಷ್ಮೆಯ ಸೀಮೆಯಾದ್ದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಸಸಿಗೆ ಹುಳು ಬಿತ್ತೆಂದು ತಂಬಾಕಿನ ಕಷಾಯ ಸಿಂಪಡಿಸುವ ಸಲಹೆ ಯಾರಾದರೂ ಕೊಟ್ಟಾರು. ಬೇಡ. ತಂಬಾಕಿನ ನಿಕೋಟಿನ್ ರೇಷ್ಮೆ ಹುಳುವಿಗೆ ಘೋರ ವಿಷ. ಸೊಪ್ಪಿಗೆ ಒಂದಿಷ್ಟು ತಾಗಿದರೂ ಹುಳು ಸಾಯುತ್ತದೆ. ‘ಸಾವಯವ’ ಎಂಬ ಮಾತು ಕೇಳಿ ಮೈಮರೆಯುವಂತಿಲ್ಲ, ಬೇವಿನ ಔಷಧಿಯೂ ರೇಷ್ಮೆ ಹುಳುವಿಗೆ ಆಗದು. ಬಟ್ಟಲಿನ ಮೇಲೆ ತೀರ ಸಣ್ಣ ಕಣ್ಣಿನ ಪರದೆಯ ಬಟ್ಟೆ ಹೊದಿಸಿದರೆ ಬಿಳಿನೊಣದ ಕಾಟ ಬಹುಪಾಲು ತಪ್ಪುತ್ತದೆ. ತಂಬಾಕಿನಿಂದ ಟೊಮ್ಯಾಟೊಗೂ ಕೇಡಿದೆ. ತಂಬಾಕಿನ ಮೊಸಾಯಿಕ್ ನಂಜು ಬೀಡಿ ಸೇದಿದವರ ಬೆರಳಿನಿಂದ ಸಸಿಗೆ ದಾಟಬಲ್ಲದು. ಮನೆಯ ಹಿರಿಯರಿಗೆ ಸಾಬೂನಿನಿಂದ ಕೈ ತೊಳೆದು ಮುಟ್ಟಿ ಎಂದು ವಿನಯವಾಗಿ ಹೇಳಿ.

25ರಿಂದ 30 ದಿನಕ್ಕೆ ನಾಲ್ಕೈದು ಎಲೆ ಬಂದಿರುತ್ತದೆ. ಕೊನೆಯ ವಾರ ನೀರು ತುಸು ಕಡಿಮೆ ಮಾಡಿ, ಬಿಸಿಲು ಹೆಚ್ಚಿಸಿ. ಹಳೆಯ ಬಕೆಟ್ಟಿಗೋ ಹಿತ್ತಲಿಗೋ ಸಂಜೆಯ ಹೊತ್ತು ವರ್ಗಾಯಿಸಿ. ನೆಡುವಾಗ ಕೆಳಗಿನ ಎಲೆಗಳನ್ನು ಚಿವುಟಿ ಕಾಂಡದ ಅರ್ಧಭಾಗ ಮಣ್ಣಿನೊಳಗಿರುವಂತೆ ಆಳವಾಗಿ ನೆಡಿ. ಹೂತ ಕಾಂಡದಿಂದಲೂ ಬೇರು ಬರುವುದು ಟೊಮ್ಯಾಟೊದ ವಿಶೇಷ. ಬದನೆ, ಮೆಣಸಿನಕಾಯಿಗೆ ಈ ಉಪಾಯ ಹೂಡಬೇಡಿ.

ಸಾಧ್ಯವಾದರೆ ಅಂಗಡಿಯ ಹಣ್ಣಿನಿಂದ ತೆಗೆದ ಆರು ಸಸಿ, ಶುದ್ಧ ತಳಿಯ ಆರು ಸಸಿ ಎರಡನ್ನೂ ಪಕ್ಕಪಕ್ಕದಲ್ಲಿ ಬೆಳೆಸಿ. ಎತ್ತರ, ಹಣ್ಣಿನ ಆಕಾರ, ತೂಕ ಬರೆದಿಡಿ. ಯಾವ ಗುಂಪಿನಲ್ಲಿ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಹೆಚ್ಚು ಎಂಬುದು ಹಣ್ಣು ಬಂದಾಗ ನಿಮಗೇ ತಿಳಿಯುತ್ತದೆ. ಅಂಗಡಿಯ ಗುಂಪಿನಲ್ಲಿ ಒಂದು ಗಿಡದ ಹಣ್ಣು ಬಲು ರುಚಿಯೆನಿಸಿದರೆ ಅದರ ಬೀಜವನ್ನು ಬೇರೆಯಾಗಿಯೇ ತೆಗೆದಿಡಿ. ಮುಂದಿನ ವರ್ಷ ಅದನ್ನೇ ಬಿತ್ತಿ, ಮತ್ತೆ ಒಳ್ಳೆಯದನ್ನೇ ಆರಿಸಿ. ಹೀಗೆ ಆರೇಳು ಪೀಳಿಗೆ ನಡೆಸಿದರೆ ಗುಣ ಬಹುಮಟ್ಟಿಗೆ ನೆಲೆನಿಲ್ಲುತ್ತದೆ. ತಳಿವಿಜ್ಞಾನಿಗಳೂ ಹಿಡಿಯುವ ಒಂದು ದಾರಿ ಇದೇ. ಬಟ್ಟಲಿಗೆ ಸಿಕ್ಕಿಸುವ ಚೀಟಿಯಲ್ಲಿ ಬಿತ್ತಿದ ದಿನ ಮತ್ತು ತಳಿಯ ಹೆಸರನ್ನು ಪೆನ್ಸಿಲ್ಲಿನಿಂದ ಬರೆಯಿರಿ. ಶಾಯಿ ನೀರಿಗೆ ಅಳಿಸಿಹೋಗುತ್ತದೆ.