ಹಗ್ಗ ಬಿಚ್ಚುವವರು ಯಾರು?



2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳು ಮುಳುಗಿದವು. ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. ಅಂಥ ಹೊತ್ತಿನಲ್ಲಿ ಗೂಟಕ್ಕೆ ಕಟ್ಟಿದ ಆಡು, ಕೋಣೆಯಲ್ಲಿ ಉಳಿದ ಬೆಕ್ಕು ಏನು ಮಾಡಬೇಕು?

ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ಅದು ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಣ್ಣು ನರಕಕ್ಕೆ ಗುರಿಯಾದಳೆಂದು ಪ್ರವಾದಿ ಮುಹಮ್ಮದ್ (ಸ) ಎಚ್ಚರಿಸಿದ್ದಾರೆ. ಪ್ರವಾದಿ ನೂಹ್ (ಅ) ಪ್ರಳಯಕ್ಕೆ ಮುಂಚೆಯೇ ಹಡಗು ಕಟ್ಟಿದರು. ಅದರಲ್ಲಿ ಪ್ರಾಣಿಗಳ ಜೋಡಿಗಳಿಗೂ ಜಾಗವಿತ್ತು.

ನಾವು ಮಾಡಬೇಕಾದ ಸಿದ್ಧತೆ ಸಣ್ಣದು. ಬೆಕ್ಕಿಗೆ ಗಾಳಿಯಾಡುವ, ಮುಚ್ಚಳದ ಬುಟ್ಟಿಯೊಂದಿರಲಿ. ಅದರಲ್ಲಿ ಮಲಗುವುದನ್ನು ಈಗಲೇ ರೂಢಿ ಮಾಡಿಸಿ. ಕೆಲವು ದಿನಗಳ ಆಹಾರ, ನೀರು, ಲಸಿಕೆಯ ಚೀಟಿ ಒಂದೇ ಚೀಲದಲ್ಲಿರಲಿ. ಕೊರಳಪಟ್ಟಿಯ ಮೇಲೆ ಫೋನ್ ನಂಬರು ಬರೆಯಿರಿ. ಪರಿಹಾರ ಕೇಂದ್ರದಲ್ಲಿ ಪ್ರಾಣಿಗಳಿಗೆ ಜಾಗ ಸಿಗದಿರಬಹುದು. ಎತ್ತರದಲ್ಲಿರುವ ನೆಂಟರನ್ನು ಮೊದಲೇ ಕೇಳಿಟ್ಟಿರಿ. ಒಯ್ಯಲು ಆಗದೇ ಹೋದರೆ ಹಗ್ಗ ಬಿಚ್ಚಿ, ಬಾಗಿಲು ತೆರೆದು ಹೊರಡಿ. ಕಟ್ಟಿದ ಪ್ರಾಣಿಗೆ ಬದುಕುವ ದಾರಿಯೇ ಇಲ್ಲ.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ಒಂದು ಪ್ರಶ್ನೆ ಕೇಳಿ: "ನೀರು ಬಂದರೆ ಹಗ್ಗ ಬಿಚ್ಚುವವರು ಯಾರು?" ಯಾರೂ ಉತ್ತರಿಸದಿದ್ದರೆ ಆ ಕೆಲಸ ನಿಮ್ಮದು.

ಮೂಕಪ್ರಾಣಿಗಳ ಹಕ್ಕನ್ನು ಸಲ್ಲಿಸುವ ತೌಫೀಕನ್ನು ಅಲ್ಲಾಹನು ನಮಗೆ ನೀಡಲಿ. ಆಮೀನ್.