ಹಳೆಯ ಸಂಬಳದ ಪ್ರಶ್ನೆಗೆ ವಿಶ್ವಾಸಿಯ ಉತ್ತರ

(ಜುಮಾ ಖುತ್ಬಾ ಸಾರಾಂಶ – ಗುಡವಿ, ಸೊರಬ ತಾಲೂಕು)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಸತ್ಯವಿಶ್ವಾಸಿಗಳೇ, ಅಲ್ಲಾಹನನ್ನು ಭಯಪಡೋಣ. ತಖ್ವಾ ಮಸೀದಿಯ ಚಾಪೆಯ ಮೇಲೆ ಬಿಟ್ಟು ಹೋಗುವ ವಸ್ತುವಲ್ಲ. ಫೋನಿನಲ್ಲಿ ಕೆಲಸದ ಮಾತು ಆಡುವಾಗಲೂ ಅದು ನಮ್ಮ ನಾಲಿಗೆಯನ್ನು ಕಾಯಬೇಕು.

ಮಳೆಗಾಲ ಬಂತೆಂದರೆ ನಮ್ಮೂರಿನ ಪಕ್ಷಿಧಾಮದ ಕೆರೆ ಹಕ್ಕಿಗಳಿಂದ ತುಂಬುತ್ತದೆ. ಅಲ್ಲಾಹನ ಮೇಲೆ ಸರಿಯಾದ ಭರವಸೆ ಇಟ್ಟರೆ, ಬೆಳಿಗ್ಗೆ ಹಸಿದು ಹೊರಟು ಸಂಜೆ ಹೊಟ್ಟೆ ತುಂಬಿ ಮರಳುವ ಹಕ್ಕಿಗಳಿಗೆ ಉಣಿಸುವಂತೆ ಅವನು ನಮಗೂ ಉಣಿಸುತ್ತಾನೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಹಕ್ಕಿ ಗೂಡಿನಲ್ಲಿ ಕುಳಿತು ಕಾಯುವುದಿಲ್ಲ, ಹೊರಟು ಹೋಗುತ್ತದೆ. ನಮ್ಮ ಸೊರಬ, ಶಿಕಾರಿಪುರ ಸೀಮೆಯ ಮಕ್ಕಳೂ ಹೊರಡುತ್ತಾರೆ. ಕೆಲವರು ಬೆಂಗಳೂರಿಗೆ, ಕೆಲವರು ಮಂಗಳೂರಿಗೆ, ಕೆಲವರು ಗಲ್ಫ್ ದೇಶಗಳಿಗೆ. ಹೆಚ್ಚಿನವರದು ಈಗ ಗುತ್ತಿಗೆ ಕೆಲಸ. ಆರು ತಿಂಗಳು, ಹನ್ನೊಂದು ತಿಂಗಳು, ಎರಡು ವರ್ಷ. ಅವಧಿ ಮುಗಿದಾಗಲೆಲ್ಲ ಮತ್ತೆ ಏಜೆಂಟರ ಬಾಗಿಲು, ಮತ್ತೆ ಅದೇ ಮೊದಲ ಪ್ರಶ್ನೆ: "ಹಿಂದಿನ ಕಡೆ ಎಷ್ಟು ಸಿಗುತ್ತಿತ್ತು?"

ಯುವಕರು ನಮ್ಮಲ್ಲಿ ಕೇಳುತ್ತಾರೆ: "ಹದಿನೆಂಟು ಸಾವಿರ ಎಂದು ನಿಜ ಹೇಳಿದರೆ ಅದರ ಮೇಲೆ ಎರಡು ಸಾವಿರ ಸೇರಿಸಿ ಮುಗಿಸುತ್ತಾರೆ. ಅದೇ ಕೆಲಸಕ್ಕೆ ಪಕ್ಕದವನಿಗೆ ಮೂವತ್ತು. ನಾವು ಇಪ್ಪತ್ತೈದು ಎಂದು ಹೇಳಿದರೆ ತಪ್ಪೇನು?" ಸಂಬಳ ಚೀಟಿಯನ್ನು ಕಂಪ್ಯೂಟರಿನಲ್ಲಿ ತಿದ್ದಿಕೊಡುವ ಅಂಗಡಿಗಳಿವೆ ಎಂದೂ ಹೇಳುತ್ತಾರೆ.

ಸಹೋದರರೇ, ಅವರ ದೂರು ಸುಳ್ಳಲ್ಲ. ಒಮ್ಮೆ ಕಡಿಮೆ ಕೂಲಿಗೆ ಒಪ್ಪಿದವನ ಬೆನ್ನಿಗೆ ಆ ಕಡಿಮೆ ಕೂಲಿ ವರ್ಷಗಟ್ಟಲೆ ಅಂಟಿಕೊಳ್ಳುತ್ತದೆ. ಹೆಣ್ಣುಮಕ್ಕಳಿಗೆ ಈ ಅನ್ಯಾಯ ಇನ್ನೂ ಹೆಚ್ಚು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಇದೇ ಕಾರಣಕ್ಕೆ 2016ರಲ್ಲಿ ಕಾನೂನು ಮಾಡಿ, ಹೊಸ ಸಂಬಳ ನಿಗದಿಯಾಗುವ ಮೊದಲು ಹಳೆಯದನ್ನು ಕೇಳಬಾರದು ಎಂದಿತು. ಯುರೋಪಿಯನ್ ಒಕ್ಕೂಟದ 2023ರ ನಿರ್ದೇಶನವೂ ಹಾಗೆ ಕೇಳುವುದನ್ನು ತಡೆಯುತ್ತದೆ. ನಮ್ಮಲ್ಲಿ ಮಾತ್ರ ಮೂರು ತಿಂಗಳ ಸಂಬಳ ಚೀಟಿ ಕೇಳುವುದು ಮಾಮೂಲು. ಹಾಗಾದರೆ ವಿಶ್ವಾಸಿ ಏನು ಮಾಡಬೇಕು?

ಪವಿತ್ರ ಕುರ್‌ಆನ್ ಎರಡು ಪ್ರಸಂಗಗಳನ್ನು ನಮ್ಮ ಮುಂದಿಟ್ಟಿದೆ. ಮೊದಲನೆಯದು ಸೂರಃ ಅಲ್‌ಕಸಸ್‌ನಲ್ಲಿದೆ. ಮೂಸಾ(ಅ) ಈಜಿಪ್ಟಿನಿಂದ ತಪ್ಪಿಸಿಕೊಂಡು ಮದ್‌ಯನ್ ತಲುಪಿದಾಗ ಕೈಯಲ್ಲಿ ಏನೂ ಇರಲಿಲ್ಲ. ಅಲ್ಲಿಯ ವೃದ್ಧರೊಬ್ಬರ ಮುಂದೆ ತಮ್ಮ ಕಥೆಯನ್ನೆಲ್ಲ ಹೇಳಿದರು. ಆ ವೃದ್ಧರ ಮಗಳು, ಕೆಲಸಕ್ಕೆ ಬೇಕಾದವನು ಬಲಶಾಲಿಯೂ ಪ್ರಾಮಾಣಿಕನೂ ಆಗಿರಬೇಕು ಎಂಬ ಎರಡು ಗುಣಗಳನ್ನು ಹೆಸರಿಸಿ ಇವರನ್ನು ಇಟ್ಟುಕೊಳ್ಳಲು ಸಲಹೆ ಕೊಟ್ಟಳು. ವೃದ್ಧರು ತಮ್ಮ ಒಬ್ಬ ಮಗಳನ್ನು ವಿವಾಹ ಮಾಡಿಕೊಡುವೆನೆಂದರು. ಅದಕ್ಕೆ ಪ್ರತಿಯಾಗಿ ಎಂಟು ವರ್ಷದ ದುಡಿಮೆ, ಹತ್ತು ಪೂರೈಸಿದರೆ ಅದು ಮೂಸಾರ ಔದಾರ್ಯ, ಕಷ್ಟ ಕೊಡುವ ಉದ್ದೇಶ ತಮಗಿಲ್ಲ ಎಂದರು. ಮೂಸಾ(ಅ) ಒಪ್ಪಿದರು, ಎರಡರಲ್ಲಿ ಯಾವ ಅವಧಿ ಮುಗಿಸಿದರೂ ತನ್ನ ಮೇಲೆ ಬಲವಂತ ಇರಬಾರದು ಎಂದರು, ಅಲ್ಲಾಹನನ್ನು ಸಾಕ್ಷಿ ಮಾಡಿದರು.

ಈ ಮಾತುಕತೆಯನ್ನು ಗಮನಿಸಿರಿ. ಮೂಸಾ(ಅ) ಫಿರ್‌ಔನನ ಅರಮನೆಯಲ್ಲಿ ಬೆಳೆದವರು. ಆ ವೈಭವವನ್ನು ಮುಂದಿಟ್ಟು ಹೆಚ್ಚು ಕೇಳಲಿಲ್ಲ. ವೃದ್ಧರೂ ಅವರ ಬರಿಗೈ ನೋಡಿ ಷರತ್ತು ಬಿಗಿ ಮಾಡಲಿಲ್ಲ. ಹಿಂದಿನ ಕಥೆಯಲ್ಲಿ ಒಂದಕ್ಷರ ಸುಳ್ಳಿಲ್ಲ, ಮುಂದಿನ ಕರಾರು ಮಾತ್ರ ಮುಂದಿನ ಕೆಲಸದ ಮೇಲೆ ನಿಂತಿತು.

ಎರಡನೆಯದು ಯೂಸುಫ್(ಅ)ರದು. ಬಾಲ್ಯದಲ್ಲಿ ಅವರು ಕೆಲವೇ ದಿರ್‌ಹಮುಗಳಿಗೆ ಮಾರಾಟವಾದರು. ಹಳೆಯ ಬೆಲೆಯೇ ಮನುಷ್ಯನ ಬೆಲೆಯಾಗಿದ್ದರೆ ಅವರದು ಅಷ್ಟೇ ಆಗಬೇಕಿತ್ತು. ಸೆರೆಮನೆಯಿಂದ ಬಂದು ಅರಸನ ಮುಂದೆ ನಿಂತಾಗ ಅವರು ಹೊಣೆಯನ್ನು ಕೇಳಿದ್ದು ಎರಡು ಅರ್ಹತೆಗಳ ಮೇಲೆ: ಕಾಯಬಲ್ಲೆ, ವಿಷಯ ಬಲ್ಲೆ. ನಮ್ಮ ಮಕ್ಕಳೂ ಏಜೆಂಟರೊಡನೆ ಮಾತನ್ನು ಇಲ್ಲಿಂದಲೇ ಆರಂಭಿಸಲಿ. ಯಾವ ಯಂತ್ರ ನಡೆಸಿದ್ದೇನೆ, ಎಷ್ಟು ವರ್ಷ, ಯಾವ ಹೊಣೆ ಹೊತ್ತಿದ್ದೇನೆ ಎಂಬುದರಿಂದ.

ಇನ್ನು ಮಸ್‌ಅಲದ ಮಾತು. ನಮ್ಮ ಫಿಕ್ಹ್ ವ್ಯಾಪಾರದಲ್ಲಿ ಎರಡು ಬಗೆಯನ್ನು ಹೇಳುತ್ತದೆ. ಚೌಕಾಸಿ ಮಾಡಿ ಮಾರುವುದು ಮುಸಾವಮ. ಅದರಲ್ಲಿ ವ್ಯಾಪಾರಿ ತನಗೆ ಎಷ್ಟಕ್ಕೆ ಬಿದ್ದಿತ್ತು ಎಂದು ಹೇಳಬೇಕಾಗಿಲ್ಲ. ಅಸಲಿನ ಮೇಲೆ ಇಷ್ಟು ಲಾಭ ಎಂದು ಮಾರುವುದು ಮುರಾಬಹ. ಅದರಲ್ಲಿ ಅಸಲನ್ನು ಪೈಸೆ ಪೈಸೆ ನಿಜ ಹೇಳಲೇಬೇಕು, ಒಂದು ರೂಪಾಯಿ ಏರಿಸಿದರೂ ವಂಚನೆ. ದುಡಿಮೆಯ ಮಾತಿಗೂ ಇದೇ ತೂಕ ಹಾಕಿ ನೋಡಿ. ಹಳೆಯ ಸಂಬಳ ಹೇಳದೆ ಚೌಕಾಸಿ ಮಾಡಬಹುದು. ಹೇಳಿದರೆ ನಿಜವನ್ನೇ ಹೇಳಬೇಕು.

ಒಮ್ಮೆ ಪೇಟೆಯಲ್ಲಿ ಪ್ರವಾದಿ(ಸ) ಧಾನ್ಯದ ರಾಶಿಗೆ ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿತು. ಮಳೆ ಬಿದ್ದಿತ್ತು ಎಂದ ವ್ಯಾಪಾರಿಗೆ, ಜನ ಕಾಣುವಂತೆ ಒದ್ದೆಯನ್ನು ಮೇಲಿಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ತಿದ್ದಿದ ಸಂಬಳ ಚೀಟಿ ಒದ್ದೆಯ ಮೇಲೆ ಹರಡಿದ ಒಣ ಧಾನ್ಯ. ಭವಿಷ್ಯನಿಧಿಯ ದಾಖಲೆ, ಬ್ಯಾಂಕಿನ ಲೆಕ್ಕ ನೋಡಿದರೆ ಅದು ಸಿಕ್ಕಿಬೀಳುತ್ತದೆ. ಯಾರೂ ನೋಡದಿದ್ದರೂ ಅಲ್ಲಾಹನು ನೋಡುತ್ತಾನೆ.

ಮೌನಕ್ಕೂ ಸುಳ್ಳಿಗೂ ನಡುವೆ ಜಾಗವಿದೆ. ಹಿಜ್ರತ್ತಿನ ದಾರಿಯಲ್ಲಿ, ಮುಂದಿರುವವರು ಯಾರು ಎಂದು ಜನ ಕೇಳಿದಾಗ ಹಝ್ರತ್ ಅಬೂಬಕರ್(ರ) ನನಗೆ ದಾರಿ ತೋರಿಸುವವರು ಎಂಬರ್ಥದ ಉತ್ತರ ಕೊಟ್ಟರು. ಸುಳ್ಳಾಡಲಿಲ್ಲ, ಗುಟ್ಟನ್ನೂ ಬಿಡಲಿಲ್ಲ. ಆದರೆ ಅದು ಜೀವ ಕಾಯುವ ಮಾತು. ಇನ್ನೊಬ್ಬರ ಹಣ ಪಡೆಯಲು ಎರಡರ್ಥದ ಮಾತು ಸಲ್ಲದು. ಬೋನಸ್, ಊಟ, ಓವರ್‌ಟೈಮ್ ಎಲ್ಲ ಕೂಡಿಸಿ, ಕೈಗೆ ಬರುತ್ತಿದ್ದುದೇ ಇಷ್ಟು ಎಂಬಂತೆ ಕೇಳಿಸುವುದೂ ಅದೇ ಸಾಲಿಗೆ ಸೇರುತ್ತದೆ.

ಹಾಗಾದರೆ ಹೇಗೆ ಉತ್ತರಿಸುವುದು? "ಹಿಂದಿನ ಕೆಲಸ ಬೇರೆ, ಈ ಕೆಲಸ ಬೇರೆ. ಇದಕ್ಕೆ ನನ್ನ ನಿರೀಕ್ಷೆ ಇಷ್ಟು, ನೀವು ಇಟ್ಟಿರುವ ಮೊತ್ತ ಎಷ್ಟು?" ಎಂದು ವಿನಯದಿಂದ ಕೇಳಬಹುದು. ಒತ್ತಾಯ ಮಾಡಿದರೆ ನಿಜ ಹೇಳಿ, ಜೊತೆಗೆ ಕಾರಣವನ್ನೂ ಹೇಳಿರಿ: ಆಗ ಕಲಿಯುತ್ತಿದ್ದೆ, ಅದು ಕಾಯಂ ಕೆಲಸ, ಇದು ಗುತ್ತಿಗೆ. ಮೊದಲು ಹೆಚ್ಚು ಸಿಗುತ್ತಿತ್ತು ಎಂಬ ಕಾರಣಕ್ಕೇ, ಇವನು ನಿಲ್ಲಲಾರ ಎಂದು ಬಿಟ್ಟುಬಿಡುವವರೂ ಇದ್ದಾರೆ. ಅವರಿಗೂ ನಿಜ ಹೇಳಿ, ಈ ಕೆಲಸಕ್ಕೆ ಈ ದರ ಒಪ್ಪಿಗೆ ಎಂದು ಸ್ಪಷ್ಟಪಡಿಸಿರಿ. ಹೇಳದಿದ್ದರೆ ಕೆಲಸವೇ ಇಲ್ಲ ಎಂದಾದರೆ, ಹೇಳುವುದೋ ಬಿಡುವುದೋ ನಿಮ್ಮ ಇಷ್ಟ. ಮೂರನೆಯ ದಾರಿಯಾಗಿ ಸುಳ್ಳು ಇಲ್ಲ.

ಲೆಕ್ಕವನ್ನೂ ಕಲಿಯೋಣ. ತಿಂಗಳಿಗೆ 40 ಸಾವಿರದ ಗುತ್ತಿಗೆ ವರ್ಷದಲ್ಲಿ ಹತ್ತು ತಿಂಗಳು ಮಾತ್ರ ನಡೆದರೆ ಕೈಗೆ ಬರುವುದು 4 ಲಕ್ಷ, ಅಂದರೆ ತಿಂಗಳಿಗೆ 33 ಸಾವಿರ ಚಿಲ್ಲರೆ. ಸಂಬಳದ ರಜೆ, ಭವಿಷ್ಯನಿಧಿ, ವಿಮೆ ಇಲ್ಲದಿದ್ದರೆ ಇನ್ನೂ ಕಡಿಮೆ. ಕಂಪನಿ ಏಜೆನ್ಸಿಗೆ ಕೊಡುವ ಮೊತ್ತ ಒಂದು, ಏಜೆನ್ಸಿ ನಿಮಗೆ ಕೊಡುವುದು ಇನ್ನೊಂದು. ನಡುವಿನ ಅಂತರವೇ ಅದರ ಲಾಭ. ಅದಕ್ಕೇ ಹಳೆಯ ಸಂಬಳದ ಮೇಲೆ ಅವರಿಗೆ ಅಷ್ಟು ಕಣ್ಣು. ಇದನ್ನು ತಿಳಿದವನು ಹೆದರದೆ ಮಾತಾಡುತ್ತಾನೆ, ಹೆದರದವನಿಗೆ ಸುಳ್ಳು ಬೇಕಾಗುವುದಿಲ್ಲ.

ಗಲ್ಫಿಗೆ ಹೊರಡುವವರೇ, 1983ರ ವಲಸೆ ಕಾಯ್ದೆಯಂತೆ ನೋಂದಾಯಿತ ಏಜೆಂಟರು ಮಾತ್ರ ಕೆಲಸಕ್ಕೆ ಕಳುಹಿಸಬಹುದು. ಅವರ ಸೇವಾ ಶುಲ್ಕದ ಮಿತಿ 30 ಸಾವಿರ ರೂಪಾಯಿ ಮತ್ತು ತೆರಿಗೆ. ನೋಂದಣಿಯನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಸಂಬಳ ಬರೆದ ಕರಾರು ಕೈಗೆ ಬರುವ ಮೊದಲು ಹಣ ಕೊಡಬೇಡಿ.

ಎರಡನೇ ಖುತ್ಬಾದಲ್ಲಿ ಕೂಲಿ ಕೊಡುವವರಿಗೆ ಒಂದು ಮಾತು. ಅಡಿಕೆ ಕೊಯ್ಲಿನ ದಿನಗಳಲ್ಲಿ, ಮನೆ ಕಟ್ಟಿಸುವಾಗ, ನಾವೂ ಅದೇ ಪ್ರಶ್ನೆ ಕೇಳುತ್ತೇವೆ: "ಹೋದ ವರ್ಷ ಎಷ್ಟಕ್ಕೆ ಬಂದಿದ್ದೆ?" ಅಡಿಕೆ ಸುಲಿಯುವ ವಿಧವೆ ಹೋದ ವರ್ಷ ಕಷ್ಟಕ್ಕೆ ಸಿಕ್ಕಿ ಕಡಿಮೆಗೆ ಒಪ್ಪಿದ್ದರೆ, ಆ ಕಷ್ಟವೇ ಈ ವರ್ಷದ ದರವಾಗಬೇಕೇ? ಕೂಲಿ ತಿಳಿಸದೆ ಕೆಲಸಕ್ಕೆ ಹಚ್ಚಬಾರದು, ಬೆವರು ಆರುವ ಮುನ್ನ ಕೊಡಬೇಕು ಎಂಬುದು ಪ್ರವಾದಿ(ಸ)ರ ಬೋಧನೆ. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನ ಅಲ್ಲಾಹನೇ ವಾದಿಯಾಗುತ್ತಾನೆ. ದೇಶದ ಕಾನೂನೂ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆನ್ನುತ್ತದೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿದ್ದ ಈ ನಿಯಮ ಹೊಸ ಸಂಹಿತೆಯಲ್ಲೂ ಉಳಿದಿದೆ.

ತಾಯಂದಿರಿಗೂ ತಂದೆಯರಿಗೂ ಒಂದು ವಿನಂತಿ. ಮಗ ಕಡಿಮೆ ಸಂಬಳ ತಂದಾಗ ನೆರೆಮನೆಯವನ ಲೆಕ್ಕ ಹೇಳಿ ಅವನನ್ನು ಚುಚ್ಚಬೇಡಿ. ಚೀಟಿ ತಿದ್ದುವ ಕೈಗೆ ಎಷ್ಟೋ ಸಲ ಮನೆಯ ಮಾತೇ ಬಲ ಕೊಡುತ್ತದೆ.

ಯಾ ಅಲ್ಲಾಹ್, ನಮ್ಮ ಮಕ್ಕಳಿಗೆ ಹಲಾಲ್ ದುಡಿಮೆಯನ್ನು, ದುಡಿಮೆಗೆ ತಕ್ಕ ಕೂಲಿಯನ್ನು, ಕೂಲಿಯಲ್ಲಿ ಬರ್ಕತ್ತನ್ನು ಕರುಣಿಸು. ಸತ್ಯ ಹೇಳಿ ಕೆಲಸ ಕಳೆದುಕೊಂಡವರಿಗೆ ಅದಕ್ಕಿಂತ ಒಳ್ಳೆಯದನ್ನು ಕೊಡು. ಕೂಲಿ ಕೊಡುವ ನಮ್ಮ ಕೈಗಳನ್ನು ನ್ಯಾಯದ ಮೇಲೆ ನಿಲ್ಲಿಸು. ಆಮೀನ್.